ಕಪ್ಪು ಬೇರೆ, ಕೂಲಿ ಬೇರೆ



ನಮ್ಮ ರಾಯಲ್ ಚಾಲೆಂಜರ್ಸ್ ತಂಡವನ್ನು 2008ರಲ್ಲಿ ಕೊಂಡವರು ವಿಜಯ್ ಮಲ್ಯ. ಕೊಹ್ಲಿ ತಂಡಕ್ಕೆ ಬಂದದ್ದೂ ಆಗಲೇ. ಅದೇ ವರ್ಷ ನಮ್ಮ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಮಲ್ಯ ಅವರ ಕಿಂಗ್‌ಫಿಷರ್ ವಿಮಾನಗಳು ಇಲ್ಲಿಂದ ಹಾರುತ್ತಿದ್ದವು. 2012ರಲ್ಲಿ ಅವು ನಿಂತುಹೋದವು. ದುಡಿದವರಿಗೆ ಎಷ್ಟೋ ತಿಂಗಳ ಸಂಬಳ ಸಿಗಲಿಲ್ಲ. ಬ್ಯಾಂಕುಗಳ ಸಾಲವೂ ಉಳಿಯಿತು. 2016ರಲ್ಲಿ ಮಲ್ಯ ಇಂಗ್ಲೆಂಡಿಗೆ ಹೋದರು. ತಂಡವೂ ಅವರ ಕೈ ಬಿಟ್ಟಿತು.

2025ರ ಜೂನ್ 3ರಂದು ತಂಡ ಮೊದಲ ಸಲ ಐಪಿಎಲ್ ಕಪ್ಪು ಗೆದ್ದಿತು. ಮಲ್ಯ ಅವರೂ ಅಭಿನಂದನೆ ಹೇಳಿದರು. ಅವರಿಲ್ಲದಿದ್ರೆ ಈ ತಂಡಾನೇ ಇರ್ತಿರಲಿಲ್ಲ ಅಂತ ಕೆಲವರು ಹೊಗಳಿದರು. ಮೊದ್ಲು ಸಂಬಳ ಕೊಡ್ಲಿ ಅಂತ ಕೆಲವರು ಬೈದರು.

ಎರಡು ಮಾತೂ ಸರಿಯೇ. ಆದರೆ ಒಂದರಲ್ಲಿ ಇನ್ನೊಂದು ವಜಾ ಆಗೋದಿಲ್ಲ. ನಮ್ಮೂರಲ್ಲಿ ಯಾರಾದ್ರೂ ಕಬಡ್ಡಿ ತಂಡಕ್ಕೆ ಬನಿಯನ್ ಕೊಡಿಸಿ, ತಮ್ಮ ದ್ರಾಕ್ಷಿ ತೋಟದ ಆಳುಗಳಿಗೆ ಕೂಲಿ ಕೊಡದಿದ್ರೆ ನಾವು ಸುಮ್ನಿರ್ತೀವಾ? ಹಾಗಂತ ಆಡುವ ಹುಡುಗರ ಮೇಲೆ ಸಿಟ್ಟು ಮಾಡ್ಕೋಬೇಕಾಗಿಲ್ಲ. ತಂಡಕ್ಕೆ ಜೈ ಅನ್ನೋಣ. ಆದರೆ ಆ ಗದ್ದಲದಲ್ಲಿ ಕೂಲಿ ಕೇಳುವವರ ದನಿ ಮುಚ್ಚಿಹೋಗಬಾರದು.

ಇದು ನನ್ನ ಅನಿಸಿಕೆ. ನೀವೇನಂತೀರಿ?

– 7ನೇ ತರಗತಿ