ಫೈಲ್ ನಮ್ಮದು, ಬೀಗದ ಕೈ ಯಾರದ್ದು?

ಲಿಬ್ರೆಆಫೀಸ್ ಬಗ್ಗೆ ಹೇಳಿದಾಗಲೆಲ್ಲ ಗೆಳೆಯರು ಕೇಳೋದು ಒಂದೇ: 'ಫ್ರೀ ತಾನೇ?' ಹೌದು. ಆದರೆ ನನ್ನ ಪ್ರಕಾರ ಅದು ಸಣ್ಣ ಲಾಭ. ಇವತ್ತು ಬರೆದದ್ದನ್ನು ಇಪ್ಪತ್ತು ವರ್ಷದ ನಂತರ ತೆರೆಯಲು ಯಾರ ಅಪ್ಪಣೆ ಬೇಕು ಅನ್ನೋದೇ ದೊಡ್ಡ ಪ್ರಶ್ನೆ.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಫಾಂಟಿಗೆ ಆದ ಗತಿ ಫೈಲ್ ಫಾರ್ಮ್ಯಾಟಿಗೂ ಆಗಬಹುದು.

ಲಿಬ್ರೆಆಫೀಸ್ ಹುಟ್ಟಿದ್ದೂ ಇಂಥದ್ದೇ ಆತಂಕದಿಂದ. 2010ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಒರಾಕಲ್ ಪಾಲಾದಾಗ, ಓಪನ್‌ಆಫೀಸ್ ಕಟ್ಟುತ್ತಿದ್ದವರಲ್ಲಿ ಹಲವರು ಅದರ ಮುಕ್ತ ಸೋರ್ಸ್ ಕೋಡ್ ಎತ್ತಿಕೊಂಡು ಬೇರೆ ಮನೆ ಮಾಡಿದರು. ಅದು ಬಳಸುವ ಒಡಿಎಫ್ 2006ರಿಂದ ಐಎಸ್ಒ ಮಾನದಂಡ. ಅದನ್ನು ಓದುವ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯಬಹುದು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ 30,000 ಸರ್ಕಾರಿ ಕಂಪ್ಯೂಟರುಗಳಿಗೆ ಲಿಬ್ರೆಆಫೀಸ್ ತರಲು 2024ರಲ್ಲಿ ತೀರ್ಮಾನಿಸಿತು. ಕೊಟ್ಟ ಕಾರಣ, ಡಿಜಿಟಲ್ ಸಾರ್ವಭೌಮತ್ವ.

ಶುರು ಮಾಡೋದು ಸುಲಭ. ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಹಳೆಯ ಆಫೀಸನ್ನು ಈಗಲೇ ತೆಗೆಯಬೇಡಿ. ರೈಟರ್‌ನಲ್ಲಿ ಯೂನಿಕೋಡ್ ಕನ್ನಡದ ಒಂದು ಪತ್ರ, ಕ್ಯಾಲ್ಕ್‌ನಲ್ಲಿ ತಿಂಗಳ ಖರ್ಚು ಬರೆಯಿರಿ. ನಿಮ್ಮ ಪ್ರತಿ ಒಡಿಎಫ್‌ನಲ್ಲಿರಲಿ. ವರ್ಡ್ ಫೈಲ್ ಕೇಳುವವರಿಗೆ ಅದೇ ರೂಪದಲ್ಲಿ ಕೊಡಿ, ಪುಟವಿನ್ಯಾಸ ಕದಲಿದೆಯಾ ನೋಡಿಕೊಳ್ಳಿ. ಮ್ಯಾಕ್ರೋ ತುಂಬಿದ ಎಕ್ಸೆಲ್ ಶೀಟುಗಳು ತಕರಾರು ಮಾಡಬಹುದು, ಅವನ್ನು ಕೊನೆಗಿಡಿ.

ಸರ್ಕಾರಿ ಆದೇಶ, ಪಂಚಾಯಿತಿ ನಡಾವಳಿ ಎಲ್ಲವೂ ನಮ್ಮ ತೆರಿಗೆಯಲ್ಲಿ ತಯಾರಾಗೋ ಕಡತಗಳು. ಅವು ಮುಕ್ತ ಮಾದರಿಯಲ್ಲಿರಲಿ ಅಂತ ಕೇಳೋದು ನಮ್ಮ ಹಕ್ಕು. ಮೊದಲು ನಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿ ತೋರಿಸಿದರೆ, 'ಆಗಲ್ಲ' ಅನ್ನೋ ಅಧಿಕಾರಿಗೆ ಉತ್ತರ ಕೈಯಲ್ಲೇ ಇರುತ್ತೆ.