ಹಳೆಯ ಬೆಳ್ಳಿ ರೂಪಾಯಿ: ಕೈಪಿಡಿಯ ಬೆಲೆಯೋ, ತಕ್ಕಡಿಯ ಬೆಲೆಯೋ?

ದೀಪಾವಳಿಯ ಲಕ್ಷ್ಮೀಪೂಜೆಯಂದು ತಿಜೋರಿಯಿಂದ ಹೊರಬರುವ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳು ಅನೇಕ ವರ್ತಕ ಮನೆತನಗಳಲ್ಲಿ ಇಂದಿಗೂ ಇವೆ. ಆಸ್ತಿ ವಿಭಾಗದ ವೇಳೆಗೋ ಹಣದ ಅಡಚಣೆಯ ಕಾಲಕ್ಕೋ ಅವುಗಳ ಬೆಲೆಯ ಪ್ರಶ್ನೆ ಎದ್ದಾಗ ಎರಡು ಉತ್ತರಗಳು ದೊರೆಯುತ್ತವೆ. ಚಿನಿವಾರ ಪೇಟೆಯವರು ತೂಗಿ ಹೇಳುವುದು ಒಂದು. ನಾಣ್ಯಗಳ ಬೆಲೆ ಕೈಪಿಡಿಯಲ್ಲಿ ಅಚ್ಚಾಗಿರುವುದು ಇನ್ನೊಂದು. ಇವೆರಡರ ಭೇದವನ್ನು ಅರಿಯದೆ ಕೆಲವರು ಅಪರೂಪದ ನಾಣ್ಯವನ್ನು ಮೂಸೆಗೆ ಹಾಕುತ್ತಾರೆ. ಕೆಲವರು ಸಾಧಾರಣ ನಾಣ್ಯಕ್ಕೆ ಬಾರದ ಬೆಲೆಯನ್ನು ಎದುರುನೋಡುತ್ತಾರೆ. ಎರಡೂ ನಷ್ಟದ ವ್ಯವಹಾರಗಳೇ.

ಲೋಹದ ಲೆಕ್ಕ ಸರಳವಾದುದು. 1835ರಿಂದ 1939ರವರೆಗಿನ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು, ಸುಮಾರು 10.69 ಗ್ರಾಂ, ಶುದ್ಧ ಬೆಳ್ಳಿ. ಕಿಲೋಗೆ ಒಂದು ಲಕ್ಷ ರೂ. ಧಾರಣೆಯೆಂದು ಲೆಕ್ಕಕ್ಕಾಗಿ ಹಿಡಿದರೆ ಒಂದು ನಾಣ್ಯದ ಬೆಳ್ಳಿಗೆ 1,069 ರೂ. ಆಗುತ್ತದೆ. ಆದರೆ 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಲಾಯಿತು. ಆ ಬಳಿಕದ ರೂಪಾಯಿಗೆ ಅದೇ ಧಾರಣೆಯಲ್ಲಿ 583 ರೂ. ಮಾತ್ರ. 1947ರ ರೂಪಾಯಿ ನಿಕ್ಕಲ್‌ನದು. ಅದರಲ್ಲಿ ಬೆಳ್ಳಿಯೇ ಇಲ್ಲ. ಆದ್ದರಿಂದ ತೂಗುವ ಮುನ್ನ ಇಸವಿಯನ್ನು ನೋಡತಕ್ಕದ್ದು. ಸವಕಲು, ಕರಗಿಸುವ ವೆಚ್ಚ ಮತ್ತು ಕೊಳ್ಳುವವರ ಲಾಭಾಂಶವನ್ನು ಕಳೆದು ಉಳಿಯುವುದೇ ಕೈಗೆ ಬರುವ ಹಣ.

ಕೈಪಿಡಿಯ ಬೆಲೆಯು ಇಸವಿ, ಟಂಕಸಾಲೆ, ಅಚ್ಚಿನ ಭೇದ ಹಾಗೂ ನಾಣ್ಯದ ಸ್ಥಿತಿಯನ್ನು ಅವಲಂಬಿಸಿದೆ. 1911ರ ರೂಪಾಯಿಯಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ತೋರುತ್ತದೆಂಬ ಆಕ್ಷೇಪ ಬಂದು, ಆ ನಾಣ್ಯವನ್ನು ಹಿಂತೆಗೆದುಕೊಂಡು 1912ರಲ್ಲಿ ಅಚ್ಚನ್ನು ತಿದ್ದಲಾಯಿತು. ಇಂತಹ ನಾಣ್ಯಕ್ಕೆ ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುವುದು ಸಹಜ. ಆದರೆ ಕೈಪಿಡಿಯಲ್ಲಿರುವುದು ಸಾಮಾನ್ಯವಾಗಿ ವ್ಯಾಪಾರಿಯು ಮಾರುವ ಬೆಲೆಯೇ ಹೊರತು ಕೊಳ್ಳುವ ಬೆಲೆಯಲ್ಲ. ಮೇಲಾಗಿ ಅದು ಮುದ್ರಣದ ದಿನದ ಬೆಲೆ. 2024ರಲ್ಲಿ ಬೆಳ್ಳಿಯು ಕಿಲೋಗೆ ಲಕ್ಷ ರೂಪಾಯಿಯ ಗಡಿಯನ್ನು ದಾಟಿತು. ಅದಕ್ಕೆ ಮುನ್ನ ಅಚ್ಚಾದ ಕೈಪಿಡಿಯಲ್ಲಿ ಸಾಧಾರಣ ನಾಣ್ಯದ ಬೆಲೆಯು ಅದರ ಬೆಳ್ಳಿಯ ಬೆಲೆಗಿಂತಲೂ ಕೆಳಗಿರಬಹುದು. ಕೈಪಿಡಿಯನ್ನು ನಂಬಿ ಮಾರಿದವರಿಗೆ ಆಗ ಮೋಸವಾಗುತ್ತದೆ.

ಸ್ಥಿತಿಯ ವಿಷಯವೂ ಗಮನಾರ್ಹ. ಪೂಜೆಗೆಂದು ಹುಣಸೆಹಣ್ಣಿನಿಂದ ಉಜ್ಜಿ ಬೆಳಗಿದ ನಾಣ್ಯ, ಸರಕ್ಕಾಗಿ ಬಳೆಯನ್ನು ಬೆಸೆದ ನಾಣ್ಯ ಸಂಗ್ರಾಹಕರ ದೃಷ್ಟಿಯಲ್ಲಿ ಮೌಲ್ಯ ಕಳೆದುಕೊಳ್ಳುತ್ತವೆ. ಬೆಳ್ಳಿಯ ತೂಕ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ತೆರಿಗೆಯ ಬಗೆಗೂ ತಪ್ಪು ಕಲ್ಪನೆಯಿದೆ. ಪೂಜೆಯ ನಾಣ್ಯಗಳು ಸ್ವಂತ ಬಳಕೆಯ ವಸ್ತುಗಳು, ಆದ್ದರಿಂದ ಮಾರಿದ ಲಾಭಕ್ಕೆ ತೆರಿಗೆಯಿಲ್ಲ ಎಂದು ಹಲವರು ಭಾವಿಸಿದ್ದಾರೆ. ಮಹಾಲಕ್ಷ್ಮೀ ಪೂಜೆಗೆ ಬಳಸುತ್ತಿದ್ದ ಬೆಳ್ಳಿ ನಾಣ್ಯಗಳ ವಿಷಯದಲ್ಲಿ ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಅವರು ಮಂಡಿಸಿದ ಇದೇ ವಾದವನ್ನು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿಯೇ ತಳ್ಳಿಹಾಕಿದೆ. 2001ರ ಏಪ್ರಿಲ್ 1ಕ್ಕೆ ಮುನ್ನ ಕುಟುಂಬಕ್ಕೆ ಬಂದ ನಾಣ್ಯಗಳಿಗೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲಾಗಿ ತೋರಿಸಲು ಅವಕಾಶವಿರುವುದರಿಂದ, ಅಂದಿನ ಮೌಲ್ಯಕ್ಕೆ ಆಧಾರವಾದ ದಾಖಲೆ ಕೈಯಲ್ಲಿರುವುದು ಒಳಿತು.

ವರ್ತಕರಿಗೆ ಈ ವಿವೇಕ ಹೊಸದಲ್ಲ. ಸರಕಿನ ಮುಗಿವು ದಾಸ್ತಾನನ್ನು ಯಾರೂ ಬೆಲೆಪಟ್ಟಿಯ ದರದಲ್ಲಿ ಲೆಕ್ಕಕ್ಕೆ ತರುವುದಿಲ್ಲ. ನಾಣ್ಯಗಳಿಗೂ ಅದೇ ನ್ಯಾಯ ಸಲ್ಲಬೇಕು. ಮೊದಲು ಇಸವಿವಾರು ಬೇರ್ಪಡಿಸಿ, ಅಪರೂಪವೆಂದು ತೋರಿದವನ್ನು ತಿಳಿದವರಿಬ್ಬರಿಗಾದರೂ ತೋರಿಸಿ, ಉಳಿದವನ್ನು ಅಂದಿನ ಬೆಳ್ಳಿಯ ಧಾರಣೆಯಲ್ಲಿ ಎಣಿಸುವುದು ಕ್ಷೇಮಕರ. ವಿಭಾಗ ಪತ್ರದಲ್ಲಿ ಯಾವ ದಿನದ, ಯಾವ ಬಗೆಯ ಬೆಲೆ ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟರೆ, ಮನೆಯ ಲಕ್ಷ್ಮಿಯ ಹೆಸರಿನಲ್ಲಿ ಅಣ್ಣತಮ್ಮಂದಿರು ಮನಸ್ತಾಪಕ್ಕೆ ಗುರಿಯಾಗುವುದು ತಪ್ಪುತ್ತದೆ.