ದಾರಿ ಕೇಳುವವರಿಗೆ ನಮ್ಮ ಅಂಗಡಿ ಸಿಗಲಿ

ವ್ಯಾಪಾರವು ನಂಬಿಕೆಯ ಮೇಲೆ ನಿಂತ ಕಾಯಕ. ಹಿಂದೆ ಪರವೂರಿಗೆ ಹೋದವರು ಬಸ್ ನಿಲ್ದಾಣದಲ್ಲಿ ಇಳಿದು, ಎದುರಿಗೆ ಸಿಕ್ಕವರನ್ನು ‘ಇಲ್ಲಿ ಒಳ್ಳೆಯ ಖಾನಾವಳಿ ಎಲ್ಲಿದೆ?’ ಎಂದು ಕೇಳುತ್ತಿದ್ದರು. ಇಂದು ಅದೇ ಪ್ರಶ್ನೆಯನ್ನು ಕೈಯಲ್ಲಿರುವ ಮೊಬೈಲಿಗೆ ಕೇಳುತ್ತಾರೆ. ಹೊಸ ಹೋಟೆಲುಗಳ ಹೆಸರು ಅಲ್ಲಿ ಸಾಲಾಗಿ ಮೂಡುತ್ತದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸುತ್ತ ಬಂದಿರುವ ಹಳೆಯ ಖಾನಾವಳಿ ಪಕ್ಕದ ಓಣಿಯಲ್ಲಿಯೇ ಇದ್ದರೂ ಕಾಣಿಸದೆ ಹೋಗಬಹುದು. ಒಂದು ಮನೆತನದ ಅನ್ನವೇ ಇದನ್ನು ಅವಲಂಬಿಸಿರುವಾಗ ಈ ವಿಷಯವನ್ನು ಕಡೆಗಣಿಸುವಂತಿಲ್ಲ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನ ಗೂಗಲ್ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಿಂದ ಆರಂಭವಾದ ಈ ಸೇವೆಗೆ 2021ರಲ್ಲಿ ಈಗಿನ ಹೆಸರು ಬಂದಿತು. ಇದಕ್ಕೆ ಶುಲ್ಕವಿಲ್ಲ. ಯಾವ ಅಂಗಡಿಯನ್ನು ಮೊದಲು ತೋರಿಸಬೇಕೆಂಬುದನ್ನು ಆ ಸಂಸ್ಥೆಯು ಮುಖ್ಯವಾಗಿ ಮೂರು ಸಂಗತಿಗಳಿಂದ ನಿರ್ಧರಿಸುತ್ತದೆ: ಕೇಳಿದ್ದಕ್ಕೂ ಅಂಗಡಿಗೂ ಇರುವ ಸಂಬಂಧ, ಕೇಳಿದವರಿಂದ ಅಂಗಡಿಗಿರುವ ದೂರ, ಅಂಗಡಿಗಿರುವ ಹೆಸರುವಾಸಿ. ಹಣ ಕೊಟ್ಟು ಪಡೆಯುವ ಜಾಹೀರಾತು ಬೇರೆ. ಈ ಸಾಲಿನ ಸ್ಥಾನವನ್ನು ಹಣದಿಂದ ಪಡೆಯಲಾಗದು. ಆದುದರಿಂದ ‘ನಿಮ್ಮ ಅಂಗಡಿಯನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇವೆ, ಇಷ್ಟು ಕೊಡಿ’ ಎಂದು ಫೋನ್ ಮಾಡುವವರ ಮಾತಿಗೆ ಮರುಳಾಗಬಾರದು.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಒಡೆತನ. ಎಷ್ಟೋ ಕಡೆ ಪರಿಚಯದ ಹುಡುಗನೋ ಏಜೆಂಟನೋ ತನ್ನ ಇ-ಮೇಲಿನಿಂದಲೇ ಅಂಗಡಿಯನ್ನು ನೋಂದಾಯಿಸಿರುತ್ತಾನೆ. ಮುಂದೆ ಅವನು ಊರು ಬಿಟ್ಟರೆ ಫೋನ್ ನಂಬರನ್ನೂ ಬದಲಿಸಲಾಗದ ಪರಿಸ್ಥಿತಿ ಬರುತ್ತದೆ. ಅಂಗಡಿಯ ಕಾಗದಪತ್ರಗಳಂತೆ ಇದೂ ಮನೆಯ ಯಜಮಾನರ ಅಥವಾ ಯಜಮಾನಿಯ ಹೆಸರಿನಲ್ಲಿರಬೇಕು. ಸಹಾಯ ಮಾಡುವವರಿಗೆ ನಿರ್ವಾಹಕರ ಸ್ಥಾನವನ್ನಷ್ಟೇ ಕೊಟ್ಟರೆ ಸಾಕು. ಈಗಾಗಲೇ ಬೇರೆಯವರ ಕೈಯಲ್ಲಿದ್ದರೆ ಅದೇ ಪ್ರೊಫೈಲಿನ ಮೂಲಕ ಒಡೆತನಕ್ಕೆ ಕೋರಿಕೆ ಸಲ್ಲಿಸಲು ಅವಕಾಶವಿದೆ.

ಎರಡನೆಯದು ಹೆಸರು ಮತ್ತು ವಿಳಾಸ. ಅಂಗಡಿಯ ಫಲಕದ ಮೇಲೆ ಯಾವ ಹೆಸರಿದೆಯೋ ಅದನ್ನೇ ಬರೆಯಬೇಕು. ಹೆಚ್ಚು ಜನ ಹುಡುಕಲೆಂದು ‘ಊರಿನ ಶ್ರೇಷ್ಠ ರೊಟ್ಟಿ ಊಟ’ ಎಂದು ಹೆಸರಿಗೆ ಬಾಲ ಕಟ್ಟುವುದು ನಿಯಮಕ್ಕೆ ವಿರುದ್ಧ. ಅದರಿಂದ ನೋಂದಣಿಯೇ ಅಮಾನತಾಗಬಹುದು. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿಯೂ ಬಿಜಾಪುರ ವಿಜಯಪುರವೂ ಆಗಿವೆ. ಬಿಲ್ಲಿನಲ್ಲಿ ಒಂದು ಹೆಸರು, ಫಲಕದಲ್ಲಿ ಇನ್ನೊಂದು ಇದ್ದರೆ ಗಿರಾಕಿಗೂ ಗೊಂದಲ. ಎಲ್ಲ ಕಡೆಯೂ ಹೆಸರು, ವಿಳಾಸ, ಫೋನ್ ನಂಬರು ಒಂದೇ ಬಗೆಯಾಗಿರಲಿ. ನಕ್ಷೆಯ ಗುರುತು ಹಿಂದಿನ ಓಣಿಗೆ ಬಿದ್ದಿದ್ದರೆ ಅದನ್ನು ಸರಿಯಾದ ಬಾಗಿಲಿಗೆ ತಂದಿಡಬೇಕು.

ವೇಳೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಯುಗಾದಿ, ಪಂಚಮಿ, ಜಾತ್ರೆಯ ದಿನಗಳಲ್ಲಿ ಬಾಗಿಲು ಮುಚ್ಚುವುದಾದರೆ ಅದನ್ನು ಮುಂಚೆಯೇ ನಮೂದಿಸಲು ಅನುಕೂಲವಿದೆ. ಹಸಿದು ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದರೆ ಮತ್ತೆ ಬರುವುದು ಕಷ್ಟ. ಎರವಲು ಚಿತ್ರಗಳನ್ನು ಹಾಕದೆ ನಮ್ಮ ಅಡುಗೆಮನೆ, ನಮ್ಮ ತಟ್ಟೆ, ನಮ್ಮ ಬೆಲೆಪಟ್ಟಿಗಳ ಚಿತ್ರಗಳನ್ನೇ ಹಾಕಬೇಕು.

ಮನೆಯಲ್ಲಿಯೇ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿ ಮಾಡಿ ಗಿರಾಕಿಗಳ ಮನೆಗೆ ತಲುಪಿಸುವ ತಾಯಂದಿರು ಮನೆಯ ವಿಳಾಸ ಎಲ್ಲರಿಗೂ ತಿಳಿಯುವುದೆಂದು ಹಿಂಜರಿಯಬೇಕಾಗಿಲ್ಲ. ವಿಳಾಸವನ್ನು ಮರೆಮಾಡಿ, ಯಾವ ಯಾವ ಬಡಾವಣೆಗಳಿಗೆ ತಲುಪಿಸುತ್ತೇವೆ ಎಂಬುದನ್ನು ಮಾತ್ರ ತೋರಿಸಬಹುದು.

ಇನ್ನು ಗಿರಾಕಿಗಳ ಅಭಿಪ್ರಾಯ. ಬಂಧುಬಳಗದವರಿಂದ ಸುಳ್ಳು ಹೊಗಳಿಕೆ ಬರೆಸುವ, ರಿಯಾಯಿತಿಯ ಆಸೆ ತೋರಿಸಿ ಬರೆಸುವ, ದುಡ್ಡು ಕೊಟ್ಟು ಕೊಳ್ಳುವ ಚಾಳಿ ಹಬ್ಬುತ್ತಿದೆ. ಇವೆಲ್ಲವೂ ಗೂಗಲ್ ನಿಯಮಗಳಿಗೆ ವಿರುದ್ಧ. ನಮ್ಮ ದೇಶದಲ್ಲಿಯೂ ಇಂತಹ ಅಭಿಪ್ರಾಯಗಳ ಪ್ರಾಮಾಣಿಕತೆಗಾಗಿ 2022ರಲ್ಲಿ ಐಎಸ್ 19000 ಎಂಬ ಮಾನಕವು ಪ್ರಕಟವಾಗಿದೆ. ಊಟ ಮಾಡಿ ತೃಪ್ತರಾದವರನ್ನು ‘ನಿಮಗೆ ಅನಿಸಿದ್ದನ್ನು ಬರೆಯಿರಿ’ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಯಾರಾದರೂ ದೂರಿದರೆ ಎದುರು ವಾದಿಸದೆ, ತಪ್ಪಿದ್ದರೆ ತಿದ್ದಿಕೊಂಡು, ನಾಲ್ಕು ವಿನಯದ ಮಾತುಗಳಲ್ಲಿ ಉತ್ತರ ಬರೆಯಬೇಕು. ಆ ಉತ್ತರವನ್ನು ದೂರಿದವರಷ್ಟೇ ಅಲ್ಲ, ಮುಂದೆ ಬರಲಿರುವ ನೂರಾರು ಜನರೂ ಓದುತ್ತಾರೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಹಿರಿಯರ ಜೊತೆಗೆ ಒಂದು ಸಂಜೆ ಕುಳಿತು ಈ ಕೆಲಸವನ್ನು ಆರಂಭಿಸಬಹುದು. ಅಂಗಡಿಯ ವಿಡಿಯೋ ಅಥವಾ ಫೋನಿನ ಮೂಲಕ ನಡೆಯುವ ಪರಿಶೀಲನೆಗೆ ಕೆಲವು ದಿನ ಹಿಡಿದೀತು. ಆ ಮೇಲೆ ತಿಂಗಳಿಗೊಮ್ಮೆ ತೆರೆದು ನೋಡಿ, ಬದಲಾದುದನ್ನು ತಿದ್ದುತ್ತಿರಬೇಕು. ಫಲ ಒಮ್ಮೆಲೇ ಕಾಣದು. ಆದರೆ ರುಚಿ ಮತ್ತು ಶುಚಿಯನ್ನು ಉಳಿಸಿಕೊಂಡು ಬಂದ ಮನೆತನಗಳ ಹೆಸರು, ಹಸಿದು ದಾರಿ ಕೇಳುವವರಿಗೆ ಸಿಗದೆ ಹೋಗಬಾರದೆಂಬುದೇ ನಮ್ಮ ಕಳಕಳಿ.